ಎಎಂಎಚ್ ಕಡಿಮೆ ಬಂದಿದೆಯಾ? ರಿಪೋರ್ಟನ್ನು ಓದುವುದು ಹೀಗೆ

ಎಎಂಎಚ್ ಅಂದರೆ ಅಂಡಾಶಯದಲ್ಲಿ ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಮಾಡುವ ಒಂದು ರಕ್ತಪರೀಕ್ಷೆ. ಅದರ ರಿಪೋರ್ಟ್ ಫೋನಿಗೆ ಬಂದಾಗ ರಾತ್ರಿ ಒಂಬತ್ತೂವರೆ. ತೆರೆದು ನೋಡಿದೆ. 0.6 ಅಂತಿತ್ತು, ಪಕ್ಕದಲ್ಲಿ ಕೆಳಮುಖವಾದ ಕೆಂಪು ಬಾಣ. ಆಗ ನನಗೆ 34 ವರ್ಷ. ಎರಡು ಗಂಟೆವರೆಗೂ ಗೂಗಲ್ ಮಾಡುತ್ತಾ ಕೂತೆ. ಮಲಗುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ಇನ್ನೇನು ಮುಂದಿನ ತಿಂಗಳೇ ಮುಟ್ಟು ನಿಲ್ಲುತ್ತದೆ, ಮಗುವಿನ ಮಾತು ಇನ್ನು ಬೇಡ ಅಂತಾಗಿತ್ತು. ಎರಡೂ ತಪ್ಪು. ತಪ್ಪು ಅಂತ ಗೊತ್ತಾಗಲು ನಾಲ್ಕು ತಿಂಗಳು, ಮೂವರು ಡಾಕ್ಟರು ಮತ್ತು ಒಂದು ದಪ್ಪ ನೋಟ್‌ಬುಕ್ ಬೇಕಾಯಿತು.

ನಾನು ಡಾಕ್ಟರಲ್ಲ. ಅಕೌಂಟ್ಸ್ ನೋಡುವವಳು. ಆಫೀಸಿನಲ್ಲಿ ಒಂದು ಅಂಕಿ ಕಡಿಮೆ ಕಂಡರೆ ಮೂರು ಪ್ರಶ್ನೆ ಕೇಳುತ್ತೇನೆ. ಇದು ಯಾವುದರ ಲೆಕ್ಕ? ಯಾವ ದಿನದ ಲೆಕ್ಕ? ಕಡಿಮೆ ಆಗಿದ್ದು ಯಾಕೆ? ದಿನಾ ಕೇಳುವ ಈ ಪ್ರಶ್ನೆಗಳು ಆ ರಾತ್ರಿ ಮಾತ್ರ ತಲೆಗೆ ಬರಲೇ ಇಲ್ಲ. ನಿಮ್ಮ ಕೈಯಲ್ಲೂ ಅಂಥದ್ದೊಂದು ರಿಪೋರ್ಟ್ ಇದ್ದರೆ ಅದೇ ಕ್ರಮದಲ್ಲಿ ಹೋಗೋಣ ಬನ್ನಿ.

ಇದು ಯಾವುದರ ಲೆಕ್ಕ?

ಗಂಡಸಿನ ದೇಹ ವೀರ್ಯಾಣುಗಳನ್ನು ದಿನಾ ಹೊಸದಾಗಿ ತಯಾರಿಸುತ್ತದೆ. ನಮ್ಮದು ಹಾಗಲ್ಲ. ಓಪನಿಂಗ್ ಸ್ಟಾಕ್ ಒಂದೇ ಸಲ, ಆಮೇಲೆ ಖರೀದಿ ಅನ್ನುವುದೇ ಇಲ್ಲ. ನಾನು ಅಮ್ಮನ ಹೊಟ್ಟೆಯಲ್ಲಿ ಐದು ತಿಂಗಳ ಪಿಂಡವಾಗಿದ್ದಾಗ ನನ್ನ ಅಂಡಾಶಯಗಳಲ್ಲಿ ಸುಮಾರು 60ರಿಂದ 70 ಲಕ್ಷ ಅಂಡಾಣುಗಳಿದ್ದಿರಬೇಕು. ಎಲ್ಲ ಹೆಣ್ಣುಮಕ್ಕಳಿಗೂ ಅಷ್ಟೇ. ಹುಟ್ಟುವ ಹೊತ್ತಿಗೆ ಅದು 10ರಿಂದ 20 ಲಕ್ಷಕ್ಕೆ ಇಳಿಯುತ್ತದೆ. ಮೈನೆರೆಯುವಾಗ ಮೂರು ನಾಲ್ಕು ಲಕ್ಷ. ಮುಟ್ಟು ನಿಲ್ಲುವಾಗ ಸಾವಿರದಷ್ಟು.

ಇಷ್ಟರಲ್ಲಿ ಜೀವಮಾನದಲ್ಲಿ ಹೊರಬರುವುದು ಎಷ್ಟು ಗೊತ್ತಾ? 400ರಿಂದ 500. ಉಳಿದವೆಲ್ಲ ಯಾವ ಕೆಲಸಕ್ಕೂ ಬರದೆ ಸುಮ್ನೆ ಕರಗುತ್ತವೆ. ಪ್ರತಿ ತಿಂಗಳೂ ಒಂದು ಗುಂಪು ಬೆಳೆಯಲು ಹೊರಡುತ್ತದೆ, ಸಾಮಾನ್ಯವಾಗಿ ಒಂದೇ ಒಂದು ಗೆಲ್ಲುತ್ತದೆ, ಜೊತೆಯವು ಒಣಗಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆ ನುಂಗಿದರೂ, ಬಸುರಿಯಾಗಿದ್ದರೂ ಈ ಕರಗುವಿಕೆ ನಿಲ್ಲುವುದಿಲ್ಲ. "ಮಾತ್ರೆ ತಗೊಂಡರೆ ಅಂಡಾಣು ಉಳಿತಾಯ ಆಗುತ್ತೆ" ಅಂತ ನನಗೂ ಯಾರೋ ಹೇಳಿದ್ದರು. ಆಗುವುದಿಲ್ಲ. "ಐವಿಎಫ್ ಮಾಡಿಸಿದರೆ ಸ್ಟಾಕ್ ಬೇಗ ಖಾಲಿಯಾಗುತ್ತೆ" ಅನ್ನುವುದೂ ಅಷ್ಟೇ. ಐವಿಎಫ್ ಅಂದರೆ ಅಂಡಾಣುಗಳನ್ನು ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಜೊತೆ ಸೇರಿಸುವ ಚಿಕಿತ್ಸೆ. ಅದಕ್ಕೆ ಕೊಡುವ ಇಂಜೆಕ್ಷನ್‌ಗಳು ಬೆಳೆಸುವುದು ಆ ತಿಂಗಳು ಹೇಗಿದ್ದರೂ ಒಣಗಿ ಹೋಗಲಿದ್ದ ಅಂಡಾಣುಗಳನ್ನು.

ಈಗ ಎಎಂಎಚ್, ಅಂದರೆ ಆ್ಯಂಟಿ-ಮ್ಯುಲೇರಿಯನ್ ಹಾರ್ಮೋನ್. ಅಂಡಾಣು ಇರುವ ಪುಟ್ಟ ಚೀಲಕ್ಕೆ ಫಾಲಿಕಲ್ ಅಂತಾರೆ. ಬೆಳೆಯಲು ಶುರು ಮಾಡಿದ ಚಿಕ್ಕ ಫಾಲಿಕಲ್‌ಗಳ ಸುತ್ತಲಿನ ಕೋಶಗಳು ಈ ಹಾರ್ಮೋನನ್ನು ಮಾಡುತ್ತವೆ. ಇನ್ನೂ ನಿದ್ದೆಯಲ್ಲಿರುವ ಫಾಲಿಕಲ್‌ಗಳು ಮಾಡುವುದಿಲ್ಲ. ಅಂದರೆ ಗೋಡೌನಿನೊಳಗೆ ಎಷ್ಟಿದೆ ಅಂತ ಯಾರೂ ಎಣಿಸುತ್ತಿಲ್ಲ. ಕೌಂಟರ್ ಮೇಲೆ ಎಷ್ಟು ಇಟ್ಟಿದ್ದಾರೆ ಅಂತ ನೋಡಿ ಒಳಗಿನದನ್ನು ಅಂದಾಜು ಮಾಡುತ್ತಾರೆ, ಅಷ್ಟೇ. (ತಮಾಷೆ ಅಂದರೆ, ಈ ಹಾರ್ಮೋನಿಗೆ ಹೆಸರು ಬಂದಿದ್ದು ಗಂಡು ಭ್ರೂಣದಿಂದ. ಗರ್ಭಕೋಶವಾಗಬೇಕಿದ್ದ ಮ್ಯುಲೇರಿಯನ್ ನಾಳಗಳನ್ನು ಗಂಡು ಭ್ರೂಣದಲ್ಲಿ ಕರಗಿಸುವುದು ಇದೇ ಹಾರ್ಮೋನು.)

ಹಾಗಾದರೆ ಆ ಅಂಕಿಯಿಂದ ಏನು ಗೊತ್ತಾಗುತ್ತದೆ? ಐವಿಎಫ್ ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. ಈ ತಿಂಗಳು ಗರ್ಭ ನಿಲ್ಲುತ್ತದಾ ಇಲ್ಲವಾ ಅನ್ನುವುದು ಗೊತ್ತಾಗುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 30ರಿಂದ 44 ವಯಸ್ಸಿನ, ಮೊದಲು ಬಂಜೆತನದ ಸಮಸ್ಯೆ ಇರದಿದ್ದ, ಆಗಷ್ಟೇ ಮಗುವಿಗಾಗಿ ಪ್ರಯತ್ನ ಶುರು ಮಾಡಿದ್ದ 750 ಹೆಂಗಸರನ್ನು ಅದರಲ್ಲಿ ಗಮನಿಸಿದ್ದರು. ಎಎಂಎಚ್ ಕಡಿಮೆ ಇದ್ದವರಿಗೆ ತಾನಾಗಿ ಗರ್ಭ ನಿಲ್ಲುವ ಸಾಧ್ಯತೆ ಉಳಿದವರಿಗಿಂತ ಕಡಿಮೆ ಇರಲಿಲ್ಲ. ಯೋಚಿಸಿ ನೋಡಿದರೆ ಸರಿಯೇ ಅಲ್ವಾ? ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು. ಕೌಂಟರ್ ಮೇಲೆ ಐದಿದ್ದರೂ ಇಪ್ಪತ್ತಿದ್ದರೂ ಹೊರಡುವುದು ಒಂದೇ.

ಹಾಗಂತ ರಿಪೋರ್ಟನ್ನು ಕಸದ ಬುಟ್ಟಿಗೆ ಹಾಕಬೇಡಿ. ಅದು ಕಾಲಾವಕಾಶದ ಬಗ್ಗೆ ಮಾತಾಡುತ್ತಿದೆ.

ಯಾವ ದಿನದ ಲೆಕ್ಕ?

ನಾನು ಮೊದಲ ಸಲ ರಕ್ತ ಕೊಟ್ಟಾಗ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದೆ. ಲ್ಯಾಬಿನವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾತ್ರೆ ಅಂಡಾಶಯವನ್ನು ಸ್ವಲ್ಪ ಮಲಗಿಸುತ್ತದೆ, ಎಎಂಎಚ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಬಿಟ್ಟು ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿದೆ. 0.9 ಬಂತು. ಕಡಿಮೆಯೇ, ಆದರೆ 0.6 ಅಲ್ಲ.

ಹಾಗಾಗಿ ರಕ್ತ ಕೊಡುವ ಮೊದಲು ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಹೇಳಿ. ಕೂದಲು, ಉಗುರಿಗೆ ಅಂತ ನುಂಗುವ ಬಯೋಟಿನ್ ಕೂಡ. ಅದು ಜಾಸ್ತಿ ಪ್ರಮಾಣದಲ್ಲಿದ್ದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಹಾರ್ಮೋನಿನ ಅಂಕಿಗಳನ್ನೇ ಏರುಪೇರು ಮಾಡುತ್ತದೆ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲ್ಯಾಬಿನಲ್ಲೇ ಕೇಳಿ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದವರಿಗೆ ಉಲ್ಟಾ. ಚಿಕ್ಕ ಫಾಲಿಕಲ್‌ಗಳು ಗುಂಪುಗಟ್ಟಿ ನಿಂತಿರುತ್ತವೆ, ಎಎಂಎಚ್ ಜಾಸ್ತಿ ಬರುತ್ತದೆ. ಅದನ್ನು ನೋಡಿ ಬೀಗುವ ಹಾಗಿಲ್ಲ, ಅಂಡಾಣು ಹೊರಬರುವುದೇ ಅಲ್ಲಿ ತೊಂದರೆ.

ಆಮೇಲೆ ಅಳತೆ. ಬೇರೆ ದೇಶದಲ್ಲಿರುವ ಗೆಳತಿ ತನ್ನದು 5 ಅಂದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. ನನ್ನದು ನ್ಯಾನೊಗ್ರಾಂ ಲೆಕ್ಕ, ಅವಳದು ಪಿಕೊಮೋಲ್. ಮಿಲಿಲೀಟರಿಗೆ ಒಂದು ನ್ಯಾನೊಗ್ರಾಂ ಅಂದರೆ ಲೀಟರಿಗೆ 7.14 ಪಿಕೊಮೋಲ್. ಭಾಗಿಸಿ ನೋಡಿದರೆ ಅವಳದು 0.7. ನನಗಿಂತ ಕಡಿಮೆ! ಹೊಟ್ಟೆಕಿಚ್ಚು ಹೋಯಿತು, ಬದಲಿಗೆ ನಾಚಿಕೆಯಾಯಿತು. ಅಂಕಿಯ ಮುಂದಿನ ಸಣ್ಣಕ್ಷರಗಳನ್ನು ಓದಿ. ವಯಸ್ಸನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. 1 ಅನ್ನುವುದು 43ಕ್ಕೆ ಗಾಬರಿಯಾಗುವ ಅಂಕಿಯಲ್ಲ. 25ಕ್ಕೆ ಬಂದರೆ ಕಾರಣ ಹುಡುಕಬೇಕು.

ಎಎಂಎಚ್ ತಿಂಗಳಿನ ಯಾವ ದಿನ ಕೊಟ್ಟರೂ ನಡೆಯುತ್ತದೆ. ಆದರೆ ಒಂದೇ ಅಂಕಿ ನಂಬಿ ಕೂರಬೇಡಿ, ಜೊತೆಗೆ ಸ್ಕ್ಯಾನ್ ಇರಲಿ. ಮುಟ್ಟಿನ ಎರಡರಿಂದ ಐದನೇ ದಿನದೊಳಗೆ, ಯೋನಿಯೊಳಗಿನಿಂದ ಮಾಡುವ ಸ್ಕ್ಯಾನ್ ಅದು. ನಾನು ಹೋಗಿದ್ದು ಮೂರನೇ ದಿನ. ಮುಜುಗರ ಆಯಿತು, ಸುಳ್ಳು ಯಾಕೆ ಹೇಳಲಿ. ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳಿದರು. ಪರದೆಯಲ್ಲಿ ಬೂದು ಬಣ್ಣದ ಒಂದು ಉಂಡೆ, ಅದರೊಳಗೆ ಕಪ್ಪು ಚುಕ್ಕಿಗಳು. ಸ್ಕ್ಯಾನ್ ಮಾಡುವಾಕೆ ಒಂದೊಂದರ ಮೇಲೂ ಗುರುತು ಹಾಕುತ್ತಾ ಬಂದರು. ಬಲಕ್ಕೆ ನಾಲ್ಕು. ಎಡಗಡೆಯ ಅಂಡಾಶಯ ಸಿಗಲು ಹೊತ್ತಾಯಿತು. ಚಿಕ್ಕದಾಗಿತ್ತು, ಅಂಚು ಒರಟಾಗಿತ್ತು. ಅಲ್ಲಿ ಒಂದೇ ಚುಕ್ಕಿ. "ಈ ಕಡೆ ಆಪರೇಷನ್ ಆಗಿದೆಯಾ?" ಅಂತ ಕೇಳಿದರು. ನಾನಿನ್ನೂ ಹೇಳಿರಲೇ ಇಲ್ಲ.

ಎಣಿಸುವುದು 2ರಿಂದ 10 ಮಿಲಿಮೀಟರಿನ ಫಾಲಿಕಲ್‌ಗಳನ್ನು. ಎರಡೂ ಕಡೆ ಸೇರಿ ಐದು ಏಳಕ್ಕಿಂತ ಕಡಿಮೆ ಇದ್ದರೆ ಕಡಿಮೆ ಅನ್ನುತ್ತಾರೆ. ನನ್ನದು ಐದು. ರಿಪೋರ್ಟಿನಲ್ಲಿ ಎಡ, ಬಲ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟು ಮೊತ್ತ ಹೇಳದ ಕಥೆಯನ್ನು ಅದು ಹೇಳುತ್ತದೆ.

ಮೂರನೆಯದು ಎಫ್‌ಎಸ್‌ಎಚ್ ಅನ್ನುವ ಹಾರ್ಮೋನು, ಮುಟ್ಟಿನ ಎರಡು ಅಥವಾ ಮೂರನೇ ದಿನದ ರಕ್ತ. ಇದು ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಹಾಕುವ ಕೂಗು. ಒಳಗೆ ಜನ ಕಡಿಮೆಯಾದಷ್ಟೂ ಕೂಗು ಜೋರಾಗುತ್ತದೆ. 10 ದಾಟಿದರೆ ಅನುಮಾನ. ಇದರ ಜೊತೆ ಅಂಡಾಶಯದ ಹಾರ್ಮೋನಾದ ಈಸ್ಟ್ರಡಯಾಲ್ ಪರೀಕ್ಷೆಯನ್ನೂ ಮಾಡಿಸದಿದ್ದರೆ ಪ್ರಯೋಜನ ಇಲ್ಲ. ಆ ದಿನ ಈಸ್ಟ್ರಡಯಾಲ್ ಜಾಸ್ತಿ ಇದ್ದರೆ ಅದು ಎಫ್‌ಎಸ್‌ಎಚ್ ಅನ್ನು ತಗ್ಗಿಸಿ ಎಲ್ಲ ಸರಿಯಿದೆ ಅನ್ನುವ ಹಾಗೆ ತೋರಿಸಿಬಿಡುತ್ತದೆ. ನನ್ನ ಎಫ್‌ಎಸ್‌ಎಚ್ 11.2 ಇತ್ತು.

ಕಡಿಮೆ ಆಗಿದ್ದು ಯಾಕೆ?

ಇದನ್ನು ಯಾರೂ ತಾವಾಗಿ ಹುಡುಕಿಕೊಡುವುದಿಲ್ಲ. ನೀವೇ ಕೂತು ಬರೆಯಬೇಕು. ನನ್ನ ನೋಟ್‌ಬುಕ್ಕಿನ ಅರ್ಧ ತುಂಬಿದ್ದು ಇಲ್ಲೇ.

ಮೊದಲು ಆಪರೇಷನ್‌ಗಳು. 29ನೇ ವಯಸ್ಸಿನಲ್ಲಿ ಎಡ ಅಂಡಾಶಯದ ಚಾಕಲೇಟ್ ಸಿಸ್ಟ್ ತೆಗೆಸಿದ್ದೆ. ಎಂಡೊಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವುದು. ಅದು ಅಂಡಾಶಯದಲ್ಲಿ ಬೆಳೆದು ಹಳೆಯ ರಕ್ತ ತುಂಬಿಕೊಂಡರೆ ಆಗುವುದೇ ಈ ಸಿಸ್ಟ್. ಇದರ ಗೋಡೆಗೂ ಆರೋಗ್ಯವಾಗಿರುವ ಅಂಡಾಶಯಕ್ಕೂ ನಡುವೆ ಸ್ಪಷ್ಟ ಗಡಿ ಇರುವುದಿಲ್ಲ. ಸುಲಿದು ತೆಗೆಯುವಾಗ ಫಾಲಿಕಲ್‌ಗಳಿರುವ ಒಳ್ಳೆಯ ಪದರವೂ ಜೊತೆಗೆ ಬರುತ್ತದೆ. ರಕ್ತ ನಿಲ್ಲಿಸಲು ಸುಟ್ಟ ಜಾಗದಲ್ಲಿ ಇನ್ನಷ್ಟು ಹೋಗುತ್ತದೆ. ಆಪರೇಷನ್ ಇಲ್ಲದೆಯೂ ಎಂಡೊಮೆಟ್ರಿಯೋಸಿಸ್ ತಾನೇ ಸ್ಟಾಕ್ ತಿನ್ನಬಲ್ಲದು.

ನನಗೆ ಸಿಟ್ಟಿರುವುದು ಆಪರೇಷನ್ ಮಾಡಿದ್ದಕ್ಕಲ್ಲ. ನೋವಿನಿಂದ ಒದ್ದಾಡುತ್ತಿದ್ದೆ, ಮಾಡಲೇಬೇಕಿತ್ತು. ಆದರೆ ಮೊದಲು ಒಂದು ಎಎಂಎಚ್ ಮಾಡಿಸೋಣ, ಬೇಕಾದರೆ ಅಂಡಾಣು ತೆಗೆದು ಫ್ರೀಜ್ ಮಾಡಿಸಬಹುದು ಅಂತ ಒಂದು ಮಾತು ಹೇಳಲಿಲ್ಲ. ಸಹಿ ಹಾಕಿಸಿಕೊಂಡ ಹಾಳೆಯಲ್ಲೂ ಆ ವಿಷಯ ಇರಲಿಲ್ಲ. ನಿಮಗೆ ಅಂಥ ಆಪರೇಷನ್ ಹೇಳಿದ್ದರೆ ಮೂರು ಕೇಳಿ: ಈಗಲೇ ತೆಗೆಯಲೇಬೇಕಾ? ಮೊದಲು ಎಎಂಎಚ್, ಸ್ಕ್ಯಾನ್ ಎಣಿಕೆ ಮಾಡಿಸೋಣವಾ? ಎರಡೂ ಕಡೆ ಸಿಸ್ಟ್ ಇದ್ದರೆ ಅಂಡಾಣು ಉಳಿಸಿಕೊಳ್ಳುವ ದಾರಿ ಏನು?

ಎರಡನೆಯದು ಅಮ್ಮ. ನಿನಗೆ ಮುಟ್ಟು ನಿಂತಿದ್ದು ಯಾವಾಗ ಅಂತ ಫೋನಿನಲ್ಲಿ ಕೇಳಿದೆ. "ನಲವತ್ಮೂರಕ್ಕೇ ನಿಂತೋಯ್ತು ಕಣೆ, ಪೀಡೆ ಬೇಗ ಹೋಯ್ತು ಅಂತ ಖುಷಿಯಾಗಿದ್ದೆ" ಅಂದಳು. ಸಾಮಾನ್ಯವಾಗಿ ನಿಲ್ಲುವುದು 45 ದಾಟಿದ ಮೇಲೆ, 50ರ ಆಸುಪಾಸಿನಲ್ಲಿ. ಈ ವಯಸ್ಸು ಬಹಳ ಮಟ್ಟಿಗೆ ರಕ್ತದಲ್ಲೇ ಬರುತ್ತದೆ. ದೊಡ್ಡಮ್ಮ, ಚಿಕ್ಕಮ್ಮ, ಅಕ್ಕಂದಿರನ್ನೂ ಕೇಳಿ.

ಅಪ್ಪನ ಕಡೆಯನ್ನು ಎಲ್ಲರೂ ಮರೆಯುತ್ತಾರೆ. ಎಕ್ಸ್ ಕ್ರೋಮೋಸೋಮಿನಲ್ಲಿ ಎಫ್‌ಎಂಆರ್1 ಅಂತ ಒಂದು ಜೀನ್ ಇದೆ. ಅದರಲ್ಲಿ ಒಂದು ಪುಟ್ಟ ತುಣುಕು ಮತ್ತೆ ಮತ್ತೆ ಬರುತ್ತದೆ. ಅದು 55ರಿಂದ 200 ಸಲ ಬಂದಿದ್ದರೆ ಪ್ರೀಮ್ಯುಟೇಷನ್ ಅನ್ನುತ್ತಾರೆ. ಅಂಥ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 40ಕ್ಕೆ ಮೊದಲೇ ಅಂಡಾಶಯ ಸೋಲುತ್ತದೆ. ಅಪ್ಪನಿಗೆ ಇದ್ದರೆ ಎಲ್ಲ ಹೆಣ್ಣುಮಕ್ಕಳಿಗೂ ಬರುತ್ತದೆ, ಯಾಕೆಂದರೆ ಅವನು ಕೊಡುವ ಎಕ್ಸ್ ಒಂದೇ. ಮನೆತನದಲ್ಲಿ ಬುದ್ಧಿಬೆಳವಣಿಗೆ ಹಿಂದುಳಿದ ಗಂಡುಮಕ್ಕಳಿದ್ದಾರಾ, ವಯಸ್ಸಾದ ಮೇಲೆ ಕೈನಡುಕ, ನಡೆಯುವಾಗ ಓಲಾಟ ಬಂದ ಗಂಡಸರಿದ್ದಾರಾ ಅಂತ ಡಾಕ್ಟರು ಕೇಳಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಕಾರಣ ಇದು. ಪ್ರೀಮ್ಯುಟೇಷನ್ ಇರುವವಳ ಮಗುವಿಗೆ ಅದು ಇನ್ನೂ ಹಿಗ್ಗಿ, ಬುದ್ಧಿಬೆಳವಣಿಗೆ ಕುಂಠಿಸುವ ಫ್ರಾಜೈಲ್ ಎಕ್ಸ್ ಅನ್ನುವ ತೊಂದರೆ ಆಗಬಹುದು, ಹಾಗಾಗಿ ಬಸಿರಿಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು. ನನ್ನದು ನಾರ್ಮಲ್ ಬಂತು.

ಒಂದು ಎಕ್ಸ್ ಪೂರ್ತಿ ಅಥವಾ ಅರ್ಧಂಬರ್ಧ ಇಲ್ಲದಿರುವುದು ಟರ್ನರ್ ಸಿಂಡ್ರೋಮ್. ಕೆಲವರಲ್ಲಿ ಕೆಲವೇ ಕೋಶಗಳಲ್ಲಿ ಹಾಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಚಿಕ್ಕ ವಯಸ್ಸಿಗೇ ಮುಟ್ಟು ನಿಂತವರಿಗೆ ಕ್ರೋಮೋಸೋಮ್ ಪರೀಕ್ಷೆ ಹೇಳುವುದು ಅದಕ್ಕೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಡಾಶಯದ ಮೇಲೆ ತಿರುಗಿಬೀಳುವುದೂ ಉಂಟು. ಅಂಥವರಲ್ಲಿ ಥೈರಾಯ್ಡ್ ಅಥವಾ ಅಡ್ರಿನಲ್ ಗ್ರಂಥಿಯ ತೊಂದರೆಯೂ ಜೊತೆಗಿರಬಹುದು. ಕ್ಯಾನ್ಸರ್ ಔಷಧಗಳಲ್ಲಿ ಸೈಕ್ಲೊಫಾಸ್ಫಮೈಡ್ ಥರದವು, ಹೊಟ್ಟೆಯ ಕೆಳಭಾಗಕ್ಕೆ ಕೊಡುವ ರೇಡಿಯೇಷನ್ ಅಂಡಾಣುಗಳಿಗೆ ಬಹಳ ಕೆಟ್ಟವು. ಚಿಕಿತ್ಸೆ ಶುರುವಾಗುವ ಮೊದಲೇ ಫ್ರೀಜಿಂಗ್ ಮಾತು ಎತ್ತಿ. ಸಿಗರೇಟು ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಈ ಪಟ್ಟಿಯಲ್ಲಿ ನಮ್ಮ ಕೈಯಲ್ಲಿರುವುದು ಅದೊಂದೇ ಅನ್ನಬಹುದು. ಇಷ್ಟೆಲ್ಲ ಹುಡುಕಿದರೂ ಎಷ್ಟೋ ಜನರಿಗೆ ಕಾರಣ ಸಿಗುವುದಿಲ್ಲ. ನೀವೇನೋ ತಪ್ಪು ಮಾಡಿದ್ದೀರಿ ಅಂತಲ್ಲ.

ಇನ್ನೊಂದು ಸಾಕ್ಷಿ ನಿಮ್ಮ ಮನೆಯಲ್ಲೇ ಇರಬಹುದು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಪೆನ್ಸಿಲ್ ಚುಕ್ಕಿ ಇಡುವವಳು. ಹಳೆಯ ಕ್ಯಾಲೆಂಡರುಗಳನ್ನು ಅಟ್ಟದಿಂದ ಇಳಿಸಿ ಎಣಿಸಿದೆ. 28ನೇ ವಯಸ್ಸಿನಲ್ಲಿ 29 ದಿನಕ್ಕೊಮ್ಮೆ ಬರುತ್ತಿತ್ತು. ಮಾತ್ರೆ ಬಿಟ್ಟ ಮೇಲೆ 25. ನೆತ್ತರು ಬರುತ್ತಿದೆಯಲ್ಲ, ಎಲ್ಲ ಸರಿಯಿದೆ ಅಂತಲೇ ಅಂದುಕೊಂಡಿದ್ದೆ. ಸ್ಟಾಕ್ ಇಳಿದಾಗ ಎಫ್‌ಎಸ್‌ಎಚ್ ಬೇಗ ಏರುತ್ತದೆ, ಫಾಲಿಕಲ್ ಬೇಗ ಹೊರಡುತ್ತದೆ, ತಿಂಗಳು ಮುಂದಿನಿಂದ ಮೊಟಕಾಗುತ್ತದೆ. ಎರಡು ಮೂರು ದಿನ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ವರ್ಷದುದ್ದಕ್ಕೂ ಮೊಟಕಾಗುತ್ತಾ ಬಂದರೆ ಡಾಕ್ಟರಿಗೆ ಹೇಳಿ.

ಎಣಿಕೆ ಬೇರೆ, ಗುಣ ಬೇರೆ

ಇದನ್ನು ನಾನು ಬೆರೆಸಿಕೊಂಡಿದ್ದರಿಂದಲೇ ಆ ರಾತ್ರಿ ನಿದ್ದೆಗೆಟ್ಟಿದ್ದು. ಅಂಡಾಣು ನಾವು ಹುಟ್ಟುವ ಮೊದಲೇ ತನ್ನ ವಿಭಜನೆ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ ಕೂತಿರುತ್ತದೆ. ಹೊರಬರುವ ತಿಂಗಳು ಮತ್ತೆ ಮುಂದುವರಿಸುತ್ತದೆ. 35ಕ್ಕೆ ಹೊರಡುವ ಅಂಡಾಣು 35 ವರ್ಷ ಹಾಗೇ ಕಾದಿರುತ್ತದೆ. ಅಷ್ಟೂ ಕಾಲ ಕ್ರೋಮೋಸೋಮುಗಳನ್ನು ಜೋಡಿಯಾಗಿ ಹಿಡಿದಿಡುವ ಪ್ರೋಟೀನುಗಳು ಸವೆಯುತ್ತಾ ಬರುತ್ತವೆ. ಹಂಚಿಕೆಯಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಆಗುತ್ತದೆ. ಗರ್ಭ ನಿಲ್ಲದಿರುವುದು, ನಿಂತರೂ ಹೋಗುವುದು ಬಹಳ ಸಲ ಇದರಿಂದ. ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಾಧ್ಯತೆ ತಾಯಿಗೆ 25 ಇದ್ದಾಗ ಸುಮಾರು 1,250ರಲ್ಲಿ ಒಂದು, 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು.

ಗುಣವನ್ನು ಮುಖ್ಯವಾಗಿ ನಿರ್ಧರಿಸುವುದು ವಯಸ್ಸು, ಎಎಂಎಚ್ ಅಲ್ಲ. 0.9 ಬಂದ ನನ್ನ ಅಂಡಾಣುಗಳು 34 ವರ್ಷದವೇ. 42ಕ್ಕೆ 3 ಬಂದರೂ ಅವು 42 ವರ್ಷದವೇ.

ಮುಂದೇನು?

35ರ ಒಳಗಿದ್ದು, ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಡಾಕ್ಟರನ್ನು ನೋಡಿ. 35 ದಾಟಿದ್ದರೆ ಆರು ತಿಂಗಳು ಸಾಕು. 40 ದಾಟಿದವರು, ಮುಟ್ಟು ತಪ್ಪುವವರು, ಅಂಡಾಶಯದ ಆಪರೇಷನ್ ಆದವರು ಕಾಯಬೇಡಿ. ಮೊದಲ ವಾರದಲ್ಲೇ ಗಂಡನ ವೀರ್ಯ ಪರೀಕ್ಷೆ ಮಾಡಿಸಿ. ನಾವು ಮಾಡಿಸಿದ್ದು ಮೂರನೇ ತಿಂಗಳು! ನನ್ನ ರಿಪೋರ್ಟ್ ಕೆಂಪಾಗಿದ್ದರಿಂದ ಅವರದನ್ನು ಯಾರೂ ಕೇಳಲೇ ಇಲ್ಲ. ಮಗುವಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ.

ಸ್ಟಾಕ್ ಹೆಚ್ಚಿಸುವ ಔಷಧ ಇಲ್ಲ. ಡಿಎಚ್‌ಇಎ, ಕೋಕ್ಯೂ10 ಅನ್ನುವ ಪೂರಕ ಮಾತ್ರೆಗಳನ್ನು ಬರೆದುಕೊಡುತ್ತಾರೆ, ಪುರಾವೆ ಗಟ್ಟಿಯಿಲ್ಲ. ಡಿಎಚ್‌ಇಎ ಮೂರು ತಿಂಗಳು ನುಂಗಿದ್ದಕ್ಕೆ ನನಗೆ ಸಿಕ್ಕಿದ್ದು ಮುಖದ ತುಂಬ ಮೊಡವೆ. ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವವನ್ನು (ಪಿಆರ್‌ಪಿ) ಅಂಡಾಶಯಕ್ಕೆ ಚುಚ್ಚುವುದು ಇನ್ನೂ ಪ್ರಯೋಗದ ಹಂತದಲ್ಲಿದೆ. ಅದನ್ನು ಖಚಿತ ಚಿಕಿತ್ಸೆ ಅಂತ ಮಾರುವವರ ಹತ್ತಿರ ಎರಡನೇ ಸಲ ಹೋಗಬೇಡಿ. ನಿಜವಾದ ದಾರಿಗಳು ಇಷ್ಟು: ಬೇಗ ಪ್ರಯತ್ನ ಶುರು ಮಾಡುವುದು, ಈಗ ಬೇಡ ಅಂದರೆ ಅಂಡಾಣು ಫ್ರೀಜ್ ಮಾಡಿಸುವುದು, ಐವಿಎಫ್, ದಾನಿಯ ಅಂಡಾಣು. ನಾವು ಆರು ತಿಂಗಳು ಕಾದೆವು, ನಿಲ್ಲಲಿಲ್ಲ. ಮೊದಲ ಐವಿಎಫ್‌ನಲ್ಲಿ ಮೂರು ಅಂಡಾಣು ಸಿಕ್ಕಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ನಾಲ್ಕು ಸಿಕ್ಕವು. ಮಗಳಿಗೆ ಈಗ ಎರಡು ವರ್ಷ. ನಮ್ಮದು ಹೀಗಾಯಿತು ಅಂತ ನಿಮ್ಮದೂ ಹೀಗೇ ಅಂತ ಹೇಳಲಾರೆ.

40ರ ಒಳಗೆ ನಾಲ್ಕು ತಿಂಗಳು ಮುಟ್ಟು ಬರದೆ, ಎಫ್‌ಎಸ್‌ಎಚ್ 25 ದಾಟಿದ್ದರೆ ಅದು ಬೇರೆಯೇ ವಿಷಯ. ಮಗು ಬೇಕೋ ಬೇಡವೋ, ಮೂಳೆ ಮತ್ತು ಹೃದಯಕ್ಕಾಗಿ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ. ಸುಮ್ನೆ ಬಿಡಬೇಡಿ. ಅಂಥವರಲ್ಲೂ 100ಕ್ಕೆ ಐದರಿಂದ ಹತ್ತು ಜನರಿಗೆ ತಾನಾಗಿ ಗರ್ಭ ನಿಲ್ಲುತ್ತದೆ. ಮಗು ಬೇಡದವರು ಎಚ್ಚರ ತಪ್ಪುವ ಹಾಗಿಲ್ಲ.

ಮೊನ್ನೆ ತಂಗಿ ಎಎಂಎಚ್ ಮಾಡಿಸಿದಳು. ಅವಳಿಗೆ 28. ಅಮ್ಮನ ವಿಷಯ ಗೊತ್ತಿರುವುದರಿಂದ ನಾನೇ ಡಾಕ್ಟರ ಹತ್ತಿರ ಮಾತಾಡು ಅಂದಿದ್ದೆ. ರಾತ್ರಿ ಫೋಟೋ ಬಂತು, 1.4, ಕೆಳಗೆ "ಅಕ್ಕಾ, ಪಾಸಾ ಫೇಲಾ?" ಅಂತ. ಏನಾದರೂ ಮಾತ್ರೆ ತಗೊಳ್ತಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದಳು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ಕೂದಲು ಉದುರುತ್ತೆ ಅಂತ ಒಂದು ತಗೊಳ್ತೀನಿ. ಅದೂ ಲೆಕ್ಕಕ್ಕೆ ಬರುತ್ತಾ?"